ಹಲ್ಲು ಸಣ್ಣದಾದರೆ ಗ್ರೀಸೂ ತೆಳ್ಳಗಿರಲಿ

ಪ್ರಶ್ನೆ: ನಮಸ್ಕಾರ ಸರ್. ನಾನು ಇಂಡಿ ತಾಲ್ಲೂಕಿನವನು. ಪುಣೆಯ ಭೋಸರಿಯಲ್ಲಿ ಇಬ್ಬರು ಹುಡುಗರನ್ನು ಇಟ್ಟುಕೊಂಡು ಕಾರು ರಿಪೇರಿಯ ಗ್ಯಾರೇಜ್ ನಡೆಸುತ್ತಿದ್ದೇನೆ. ಕಳೆದ ವರ್ಷ 3/8 ಇಂಚಿನ, 72 ಹಲ್ಲಿನ, ತಲೆ ಬಾಗುವ ಫ್ಲೆಕ್ಸ್ ಹೆಡ್ ರಾಚೆಟ್ ತರಿಸಿದೆ, ನಟ್ಟಿನಿಂದ ತೆಗೆಯದೆಯೇ ಹಿಂದೆ ಮುಂದೆ ಆಡಿಸಿ ಬಿಚ್ಚುವ ಹ್ಯಾಂಡಲ್. ಮೊದಲು ಚೆನ್ನಾಗಿಯೇ ಇತ್ತು. ಮಳೆಗಾಲ ಮುಗಿದ ಮೇಲೆ ಬಿಚ್ಚಿ, ವೀಲ್ ಬೇರಿಂಗಿಗೆ ಹಾಕುವ ಗ್ರೀಸನ್ನು ತುಂಬಿ ಮುಚ್ಚಿದೆ. ಈಗ ಎರಡು ತೊಂದರೆ. ಸಡಿಲ ನಟ್ಟಿನ ಮೇಲೆ ಹ್ಯಾಂಡಲನ್ನು ಹಿಂದಕ್ಕೆ ತಂದರೆ ಗೋಟಿಯ (ಸಾಕೆಟ್ಟಿನ) ಜೊತೆ ನಟ್ಟೂ ಹಿಂದಕ್ಕೆ ಬರುತ್ತದೆ. ಜೋರು ಹಾಕಿದರೆ ಒಮ್ಮೊಮ್ಮೆ ಟಕ್ ಎಂದು ಜಾರುತ್ತದೆ. ಹೊಸದನ್ನು ಕೊಳ್ಳುವುದಾದರೆ 90 ಹಲ್ಲಿನದೋ 120 ಹಲ್ಲಿನದೋ? ಬಾಗುವ ತಲೆ ಗಟ್ಟಿ ಬರುತ್ತದೆಯೇ? ಯಾವ ಗ್ರೀಸ್ ಹಾಕಬೇಕು, ಎಷ್ಟು ದಿನಕ್ಕೊಮ್ಮೆ?

ಉತ್ತರ: ಹೊಸದರ ಮಾತು ಆಮೇಲೆ ಆಡೋಣ. ಮೊದಲು ಕೈಯಲ್ಲಿರುವುದನ್ನು ಮತ್ತೊಮ್ಮೆ ಬಿಚ್ಚಿ, ತುಂಬಿದ ಗ್ರೀಸನ್ನು ಪೂರ್ತಿ ತೊಳೆದು ತೆಗೆಯಿರಿ. ನಟ್ಟು ಹಿಂದಕ್ಕೆ ಬರುವುದಕ್ಕೂ ಜೋರು ಹಾಕಿದಾಗ ಜಾರುವುದಕ್ಕೂ ಕಾರಣ ಬಹುಮಟ್ಟಿಗೆ ಅದೇ. ಎಷ್ಟು ಹಲ್ಲಿನದು ಕೊಳ್ಳಬೇಕು ಎಂಬುದನ್ನೂ ಯಾವ ಗ್ರೀಸ್ ಹಾಕಬೇಕು ಎಂಬುದನ್ನೂ ನೀವು ಬೇರೆ ಬೇರೆಯಾಗಿ ಕೇಳಿದ್ದೀರಿ. ನನ್ನ ಲೆಕ್ಕದಲ್ಲಿ ಅವೆರಡೂ ಒಂದೇ ಪ್ರಶ್ನೆ. ಹಲ್ಲಿನ ಸಂಖ್ಯೆ ಏರಿದಂತೆಲ್ಲ ಒಳಗೆ ಏನು ಹಾಕುತ್ತೇವೆ ಎಂಬುದರಲ್ಲಿ ತಪ್ಪಿಗೆ ಜಾಗ ಕಡಿಮೆಯಾಗುತ್ತ ಹೋಗುತ್ತದೆ.

ರಾಚೆಟ್ಟಿನ ತಲೆಯೊಳಗೆ ಇರುವುದು ಹಲ್ಲಿನ ಚಕ್ರ, ಅದನ್ನು ಕಚ್ಚಿ ಹಿಡಿಯುವ ಪಾಲ್ ಎಂಬ ಪುಟ್ಟ ಉಕ್ಕಿನ ತುಂಡು, ಆ ಪಾಲನ್ನು ಚಕ್ರದ ಕಡೆಗೆ ತಳ್ಳುವ ಸ್ಪ್ರಿಂಗ್, ದಿಕ್ಕು ಬದಲಿಸುವ ಲಿವರ್. ಇಷ್ಟೇ. 3/8 ಇಂಚಿನ (ಇದು ಸಾಕೆಟ್ ಕೂರುವ ಚೌಕದ ಮೂತಿಯ ಅಳತೆ) ರಾಚೆಟ್ಟಿನ ಚಕ್ರ ಸುಮಾರು 20 ಮಿಲಿಮೀಟರ್ ವ್ಯಾಸದ್ದು ಎಂದಿಟ್ಟುಕೊಳ್ಳಿ. ಅದರ ಸುತ್ತಳತೆ 63 ಮಿಲಿಮೀಟರ್ ಆಯಿತು. ಹಳೆಯ ಕಾಲದ 36 ಹಲ್ಲಿನ ಚಕ್ರದಲ್ಲಿ ಒಂದು ಹಲ್ಲಿಗೆ 1.7 ಮಿಲಿಮೀಟರ್ ಜಾಗ ಸಿಗುತ್ತಿತ್ತು. 72 ಹಲ್ಲಿಗೆ ಅದು 0.9ಕ್ಕೂ ಕಡಿಮೆ. ಅಷ್ಟೇ ಚಕ್ರದಲ್ಲಿ 120 ಹಲ್ಲು ಕೊರೆದರೆ ಉಳಿಯುವುದು ಅರ್ಧ ಮಿಲಿಮೀಟರ್. ಹಲ್ಲಿನ ಆಳ ಇದಕ್ಕಿಂತಲೂ ಕಡಿಮೆ. ಇಷ್ಟು ಸಣ್ಣ ಹಲ್ಲು ಒಂದೊಂದೇ ಭಾರ ಹೊರಲಾರದು. ಆದ್ದರಿಂದ ಪಾಲನ್ನು ಅಗಲ ಮಾಡಿ, ಹಲವು ಹಲ್ಲುಗಳು ಒಟ್ಟಿಗೆ ಕಚ್ಚುವಂತೆ ಮಾಡುತ್ತಾರೆ. ಎಲ್ಲ ಹಲ್ಲುಗಳೂ ಬುಡದವರೆಗೆ ಇಳಿದು ಕೂತರೆ ಭಾರ ಹಂಚಿಹೋಗುತ್ತದೆ, ಸಣ್ಣ ಹಲ್ಲಿನ ರಾಚೆಟ್ಟೂ ಗಟ್ಟಿಯಾಗಿಯೇ ನಿಲ್ಲುತ್ತದೆ. ಬುಡದವರೆಗೆ ಇಳಿಯದಿದ್ದರೆ ಇಡೀ ಭಾರ ಹಲ್ಲಿನ ತುದಿಗಳ ಮೇಲೆ ಬೀಳುತ್ತದೆ.

ಇನ್ನು ಸ್ಪ್ರಿಂಗಿನ ಮಾತು. ಸಣ್ಣ ಹಲ್ಲಿನ ಒಳ್ಳೆಯ ರಾಚೆಟ್ಟುಗಳಲ್ಲಿ ಸ್ಪ್ರಿಂಗನ್ನು ಬೇಕೆಂದೇ ಮೆತ್ತಗೆ ಇಟ್ಟಿರುತ್ತಾರೆ. ಗಟ್ಟಿ ಸ್ಪ್ರಿಂಗ್ ಇದ್ದರೆ ಹ್ಯಾಂಡಲ್ ಹಿಂದಕ್ಕೆ ಬರುವಾಗ ಚಕ್ರವನ್ನೂ ಎಳೆದುಕೊಂಡು ಬರುತ್ತದೆ. ನೀವು ತುಂಬಿದ ಬೇರಿಂಗ್ ಗ್ರೀಸ್ ಎಪಿ 3 ಜಾತಿಯದು ಎಂದು ಊಹಿಸುತ್ತೇನೆ, ನಮ್ಮ ಕಡೆಯ ಗ್ಯಾರೇಜುಗಳಲ್ಲಿ ಡಬ್ಬಿಗಟ್ಟಲೆ ಇರುವುದು ಅದೇ. ಅಲ್ಲಿರುವ 3 ಎಂಬುದು ಗಟ್ಟಿತನದ ದರ್ಜೆ. 25 ಡಿಗ್ರಿ ಶಾಖದಲ್ಲಿ ಗೊತ್ತಾದ ತೂಕದ ಒಂದು ಶಂಕುವನ್ನು ಗ್ರೀಸಿನ ಮೇಲೆ ಬಿಟ್ಟರೆ 5 ಸೆಕೆಂಡಿನಲ್ಲಿ ಅದು ಎಷ್ಟು ಆಳಕ್ಕೆ ಇಳಿಯುತ್ತದೆ ಎಂದು ಅಳೆದು ಈ ದರ್ಜೆ ಕೊಡುತ್ತಾರೆ. 3ನೇ ದರ್ಜೆಯಲ್ಲಿ ಇಳಿಯುವುದು 22ರಿಂದ 25 ಮಿಲಿಮೀಟರ್, 2ನೇ ದರ್ಜೆಯಲ್ಲಿ 26.5ರಿಂದ 29.5, ಸೊನ್ನೆ ದರ್ಜೆಯಲ್ಲಿ 35.5ರಿಂದ 38.5, ಎರಡು ಸೊನ್ನೆಯ ದರ್ಜೆಯಲ್ಲಿ 40ರಿಂದ 43. ಚಕ್ರದ ಬೇರಿಂಗಿನಲ್ಲಿ ಬಿಸಿಗೆ ಕರಗಿ ಹರಿಯದೆ ನಿಲ್ಲಲಿ ಎಂದು ಮಾಡಿದ ಗಟ್ಟಿ ಗ್ರೀಸದು. ಅದನ್ನು ಒಂದು ಮಿಲಿಮೀಟರಿಗೂ ಸಣ್ಣ ಹಲ್ಲುಗಳ ನಡುವೆ ತುರುಕಿದರೆ ಮೆತ್ತನೆಯ ಸ್ಪ್ರಿಂಗಿಗೆ ಅದನ್ನು ಹಿಂಡಿ ಹೊರಹಾಕುವ ಶಕ್ತಿ ಎಲ್ಲಿಂದ ಬರಬೇಕು? ಪಾಲ್ ಅರ್ಧ ಇಳಿದು ಅಲ್ಲಿಯೇ ನಿಲ್ಲುತ್ತದೆ. ಆಗ ನೀವು ಜೋರು ಹಾಕುತ್ತೀರಿ, ತುದಿಗಳು ಜಾರುತ್ತವೆ. ಅದೇ ಟಕ್ ಶಬ್ದ. ಹ್ಯಾಂಡಲ್ ಹಿಂದಕ್ಕೆ ಬರುವಾಗ ಗಟ್ಟಿ ಗ್ರೀಸೂ ಚಕ್ರವನ್ನು ಎಳೆದು ತರುತ್ತದೆ, ಅದರ ಜೊತೆ ನಟ್ಟೂ ಬರುತ್ತದೆ. ಡಿಸೆಂಬರ್, ಜನವರಿಯ ಮುಂಜಾನೆ ಪುಣೆಯಲ್ಲಿ ಚಳಿ 10 ಡಿಗ್ರಿಯ ಆಸುಪಾಸಿಗೆ ಇಳಿದಾಗ ಇದು ಇನ್ನೂ ಹೆಚ್ಚು. ಮಧ್ಯಾಹ್ನ ಸರಿಯಾಗಿ ಕೆಲಸ ಮಾಡುವ ರಾಚೆಟ್ ಬೆಳಿಗ್ಗೆ ಜಾರಿದರೆ ಹಲ್ಲನ್ನು ಬೈಯುವ ಮೊದಲು ಗ್ರೀಸನ್ನು ಬೈಯಿರಿ.

ಈಗ ಹಲ್ಲಿನ ಸಂಖ್ಯೆಗೆ ಬರುತ್ತೇನೆ. 360 ಡಿಗ್ರಿಯನ್ನು ಹಲ್ಲಿನ ಸಂಖ್ಯೆಯಿಂದ ಭಾಗಿಸಿದರೆ ಒಂದು ಹಲ್ಲು ದಾಟಲು ಎಷ್ಟು ತಿರುಗಬೇಕೆಂದು ಸಿಗುತ್ತದೆ. 36 ಹಲ್ಲಿಗೆ 10 ಡಿಗ್ರಿ, 72ಕ್ಕೆ 5, 90ಕ್ಕೆ 4, 120ಕ್ಕೆ 3. ಡಿಗ್ರಿಯಲ್ಲಿ ಹೇಳಿದರೆ ಕೈಗೆ ಅರ್ಥವಾಗುವುದಿಲ್ಲ, ಹ್ಯಾಂಡಲಿನ ತುದಿ ಎಷ್ಟು ಸರಿಯಬೇಕು ಎಂದು ನೋಡಬೇಕು. 200 ಮಿಲಿಮೀಟರ್ ಉದ್ದದ ಹ್ಯಾಂಡಲಿನಲ್ಲಿ 36 ಹಲ್ಲಿನದು 35 ಮಿಲಿಮೀಟರ್ ಕೇಳುತ್ತದೆ, 72ರದು ಹದಿನೇಳೂವರೆ, 90ರದು 14, 120ರದು ಹತ್ತೂವರೆ. 36ರಿಂದ 72ಕ್ಕೆ ಬಂದಾಗ ಉಳಿಯುವ ಜಾಗ ದೊಡ್ಡದು, ಕೆಲಸವೇ ಬದಲಾಗುತ್ತದೆ. 72ರಿಂದ 120ಕ್ಕೆ ಹೋದರೆ ಉಳಿಯುವುದು 7 ಮಿಲಿಮೀಟರ್.

ಆ 7 ಮಿಲಿಮೀಟರ್ ಕೂಡ ಎಲ್ಲ ಕಡೆ ಸಿಗುವುದಿಲ್ಲ. ಸಾಕೆಟ್ಟಿಗೂ ಚೌಕದ ಮೂತಿಗೂ ನಡುವೆ ಒಂದೆರಡು ಡಿಗ್ರಿ ಸಡಿಲ ಇದ್ದೇ ಇರುತ್ತದೆ. ಸಾಕೆಟ್ಟಿಗೂ ಬೋಲ್ಟಿನ ತಲೆಗೂ ನಡುವೆ ಮತ್ತಷ್ಟು. ಗೇರ್‌ಬಾಕ್ಸಿನ ಬೆಲ್ ಹೌಸಿಂಗಿನ ಮೇಲಿನ ಬೋಲ್ಟನ್ನು ಬಿಚ್ಚಲು ನೀವು ಎರಡು ಎಕ್ಸ್‌ಟೆನ್ಷನ್, ಒಂದು ಯೂನಿವರ್ಸಲ್ ಜಾಯಿಂಟ್ ಸೇರಿಸಿದಿರಿ ಎನ್ನಿ. ಹ್ಯಾಂಡಲನ್ನು ಹಿಂದಕ್ಕೆ ತಂದಾಗ ಈ ಎಲ್ಲ ಕೊಂಡಿಗಳ ಸಡಿಲ ಮೊದಲು ಹಿಂದಕ್ಕೆ ಸರಿಯುತ್ತದೆ, ಆಮೇಲಷ್ಟೇ ಪಾಲ್ ಒಂದು ಹಲ್ಲು ಹಾರುತ್ತದೆ. ಅಂಥ ಜಾಗದಲ್ಲಿ 72 ಮತ್ತು 120ರ ವ್ಯತ್ಯಾಸವನ್ನು ಸಡಿಲವೇ ನುಂಗಿಬಿಡುತ್ತದೆ. ನಿಜವಾದ ಲಾಭ ಸಿಗುವುದು ಸಾಕೆಟ್ ನೇರವಾಗಿ ರಾಚೆಟ್ಟಿಗೆ ಕೂತು, ಹ್ಯಾಂಡಲ್ ಎರಡು ಪೈಪುಗಳ ನಡುವೆ ಸಿಕ್ಕಿಕೊಂಡಾಗ ಮಾತ್ರ. ಆಲ್ಟರ್ನೇಟರಿನ ಹಿಂದೆ, ಸ್ಟಾರ್ಟರ್ ಮೋಟಾರಿನ ಬಳಿ, ಫೈರ್‌ವಾಲಿಗೆ ಅಂಟಿದ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ನಟ್ಟಿನಲ್ಲಿ ಹೀಗಾಗುತ್ತದೆ. ಅಲ್ಲಿಯೂ ತಲೆ ಎಷ್ಟು ತೆಳ್ಳಗಿದೆ ಎಂಬುದು ಹಲ್ಲಿನ ಸಂಖ್ಯೆಗಿಂತ ಹೆಚ್ಚು ಸಲ ನಿಮ್ಮನ್ನು ಕಾಯುತ್ತದೆ. ತಲೆಯೇ ಒಳಗೆ ಹೋಗದಿದ್ದರೆ ಡಿಗ್ರಿ ಲೆಕ್ಕ ಯಾರಿಗೆ ಬೇಕು?

120 ಎಂದು ಬರೆದಿರುವ ಎಲ್ಲವೂ 120 ಹಲ್ಲು ಕೊರೆದ ಚಕ್ರಗಳಲ್ಲ. ಗೇರ್‌ರೆಂಚ್ ಕಂಪನಿಯ 120 ಎಕ್ಸ್‌ಪಿಯಲ್ಲಿ ಇರುವುದು 60 ಹಲ್ಲಿನ ಚಕ್ರ. ಒಂದರ ಮೇಲೊಂದು ಕೂತ ಎರಡು ಪಾಲ್‌ಗಳು ಅರ್ಧ ಹಲ್ಲಿನ ಅಂತರದಲ್ಲಿ ಸರದಿಯಂತೆ ಕಚ್ಚುತ್ತವೆ, ಆದ್ದರಿಂದ 3 ಡಿಗ್ರಿಗೊಂದು ಹಿಡಿತ. ಜಾಣತನದ ಉಪಾಯವೇ ಸರಿ, ಹಲ್ಲು ದಪ್ಪಗಿರುತ್ತದೆ. ಆದರೆ ಯಾವ ಕ್ಷಣದಲ್ಲೂ ಭಾರ ಹೊರುವುದು ಒಂದೇ ಪಾಲ್, ಅದೂ ಚಕ್ರದ ಅರ್ಧ ದಪ್ಪದ ಮೇಲೆ. ಸ್ನ್ಯಾಪ್-ಆನ್‌ನ ಡ್ಯುಯಲ್ 80ಯಲ್ಲಿ 80 ಹಲ್ಲು, ನಾಲ್ಕೂವರೆ ಡಿಗ್ರಿ. ವೆರಾದ ಝೈಕ್ಲಾಪ್‌ನಲ್ಲಿ 72. ಟೆಕ್ಟನ್‌ನದು 90. ಇವೆಲ್ಲ ಕೆಲಸಕ್ಕೆ ಬರುವ ಸಂಖ್ಯೆಗಳೇ. ನಾನು ನಿಮಗೆ ಹೇಳುವುದಾದರೆ 72ರಿಂದ 90ರ ನಡುವೆ ಯಾವುದಾದರೂ ಸಾಕು. 120ಕ್ಕಾಗಿ ಹೆಚ್ಚು ಹಣ ಕೊಡಬೇಡಿ, ಆ ಹಣವನ್ನು ಬಿಡಿಭಾಗದ ಕಿಟ್ ಸಿಗುವ ಕಂಪನಿಗೆ ಕೊಡಿ.

ಅಂಗಡಿಯಲ್ಲಿ ನೋಡಬೇಕಾದ್ದು ಬೇರೆಯೇ ಇದೆ. ರಾಚೆಟ್ಟಿಗೆ 10 ಮಿಲಿಮೀಟರ್ ಸಾಕೆಟ್ ಹಾಕಿ, ಸಾಕೆಟ್ಟನ್ನು ಎಡಗೈಯ ಹೆಬ್ಬೆರಳು ಮತ್ತು ತೋರುಬೆರಳಿನಿಂದ ಹಗುರವಾಗಿ ಹಿಡಿಯಿರಿ, ಹಿಸುಕಬೇಡಿ. ಬಲಗೈಯಿಂದ ಹ್ಯಾಂಡಲನ್ನು ಹಿಂದಕ್ಕೆ ತಿರುಗಿಸಿ. ಸಾಕೆಟ್ ಬೆರಳುಗಳ ನಡುವೆ ಅಲುಗದೆ ನಿಂತು ಹಲ್ಲು ಸದ್ದು ಮಾಡುತ್ತ ಹೋದರೆ ಒಳ್ಳೆಯದು. ಸಾಕೆಟ್ ಬೆರಳನ್ನು ತಿರುಚಿಕೊಂಡು ಹಿಂದೆ ಬಂದರೆ ಅದರ ಮೇಲೆ 120 ಎಂದು ಬರೆದಿರಲಿ, 1200 ಎಂದು ಬರೆದಿರಲಿ, ಸಡಿಲ ಬೋಲ್ಟನ್ನು ಅದರಿಂದ ಬಿಚ್ಚಲಾರಿರಿ. ಎರಡೂ ದಿಕ್ಕಿಗೆ ಮಾಡಿ ನೋಡಿ, ಒಂದು ದಿಕ್ಕಿಗೆ ಹಗುರ ಇನ್ನೊಂದಕ್ಕೆ ಬಿಗಿ ಇರುವ ರಾಚೆಟ್ಟುಗಳು ಬೇಕಾದಷ್ಟಿವೆ. ಆಮೇಲೆ ಲಿವರನ್ನು ಎಣ್ಣೆ ಕೈಯಿಂದ ತಿರುಗಿಸಲು ಆಗುತ್ತದೆಯೇ, ಜೇಬಿಗೆ ತಾಗಿ ತಾನೇ ತಿರುಗಿಬಿಡುತ್ತದೆಯೇ ನೋಡಿ. ಅಂಗಡಿಯವನು ಈ ಪರೀಕ್ಷೆಗೆ ಮುಖ ಸಿಂಡರಿಸಿದರೆ ಪಕ್ಕದ ಅಂಗಡಿ ಇದ್ದೇ ಇದೆ.

ಬಾಗುವ ತಲೆ ಗಟ್ಟಿ ಬರುತ್ತದೆಯೇ ಎಂದು ಕೇಳಿದ್ದೀರಿ. ಬಿಗಿ ಬೋಲ್ಟನ್ನು ಮೊದಲು ಸಡಿಲಿಸುವುದಕ್ಕೆ ಅದನ್ನು ಬಳಸದಿದ್ದರೆ ಬರುತ್ತದೆ. ತಲೆ ನೇರವಾಗಿರುವಾಗ ನೀವು ಹ್ಯಾಂಡಲಿಗೆ ಹಾಕುವ ಬಲವೆಲ್ಲ ಬೋಲ್ಟನ್ನು ತಿರುಗಿಸುತ್ತದೆ. ತಲೆ 30 ಡಿಗ್ರಿ ಬಾಗಿದರೆ ಅದರಲ್ಲಿ ನೂರಕ್ಕೆ 87 ಭಾಗ ತಿರುಗಿಸಲು ಸಿಗುತ್ತದೆ. 45 ಡಿಗ್ರಿಗೆ 71, 60 ಡಿಗ್ರಿಗೆ ಬರೀ 50. ಬಾಗಿದಷ್ಟೂ ಸಾಕೆಟ್ಟನ್ನು ಬೋಲ್ಟಿನ ಮೇಲೆ ಓರೆ ಮಾಡುವ ಬಲವೂ ಹುಟ್ಟಿಕೊಳ್ಳುತ್ತದೆ. 45 ಡಿಗ್ರಿಯಲ್ಲಿ ತಿರುಗಿಸುವ ಬಲವೂ ಓರೆ ಮಾಡುವ ಬಲವೂ ಸಮ. ಬೋಲ್ಟಿನ ಮೂಲೆ ಸವೆಯುವುದು, ಕೀಲಿನ ಪಿನ್ನಿನ ತೂತು ಅಗಲವಾಗುವುದು ಹೀಗೆಯೇ. ಆದ್ದರಿಂದ ಮೊದಲ ಬಿಗಿಯನ್ನು ಎಲ್ ಹ್ಯಾಂಡಲಿನಿಂದಲೋ ಸ್ಲೈಡಿಂಗ್ ಟಿ ಬಾರಿನಿಂದಲೋ ಒಡೆಯಿರಿ. ನಾಸಿಕದಲ್ಲಿ ಕಾರ್ಖಾನೆ ಇರುವ ತಪಾರಿಯಾದ ಸೆಟ್ಟಿನಲ್ಲಿ ಇವು ಬರುತ್ತವೆ, ನಿಮ್ಮ ಗ್ಯಾರೇಜಿನಲ್ಲಿ ಖಂಡಿತ ಎಲ್ಲೋ ಧೂಳು ತಿನ್ನುತ್ತ ಬಿದ್ದಿರುತ್ತವೆ. ಬಿಗಿ ಬಿಟ್ಟ ಮೇಲೆ ಫ್ಲೆಕ್ಸ್ ಹೆಡ್ ತನ್ನಿ. ತಲೆಯನ್ನು 90 ಡಿಗ್ರಿ ಮಡಚಿ, ಸ್ಕ್ರೂ ಡ್ರೈವರಿನ ಹಾಗೆ ಬೆರಳಲ್ಲಿ ಗಿರಗಿರ ತಿರುಗಿಸಿ ಬೋಲ್ಟನ್ನು ಹೊರತೆಗೆಯುವುದು ಅದರ ನಿಜವಾದ ಸುಖ.

ಉದ್ದದ ವಿಷಯದಲ್ಲಿ ಒಂದು ಎಚ್ಚರಿಕೆ. 300 ಮಿಲಿಮೀಟರಿನ ಉದ್ದ ಹ್ಯಾಂಡಲ್ ನೋಡಿದರೆ ಕೈ ತಾನಾಗಿ ಅಲ್ಲಿಗೆ ಹೋಗುತ್ತದೆ. ಆದರೆ 40 ಕಿಲೋ ಭಾರ ಹಾಕಿದರೆ ಅದರಲ್ಲಿ ಸುಮಾರು 120 ನ್ಯೂಟನ್ ಮೀಟರ್ ತಿರುಚುವ ಬಲ ಬರುತ್ತದೆ. ಎಷ್ಟೋ ಕಾರುಗಳ ಚಕ್ರದ ನಟ್ಟನ್ನು ಬಿಗಿ ಮಾಡುವುದೇ 100ರಿಂದ 110 ನ್ಯೂಟನ್ ಮೀಟರಿಗೆ. ಸಾಲದ್ದಕ್ಕೆ ಹುಡುಗರು ಅದಕ್ಕೊಂದು ಪೈಪು ತೊಡಿಸುತ್ತಾರೆ. 10 ಮಿಲಿಮೀಟರ್ ತಲೆಯ, 6 ಮಿಲಿಮೀಟರ್ ದಪ್ಪದ ಬೋಲ್ಟು ಕೇಳುವುದು 10 ನ್ಯೂಟನ್ ಮೀಟರ್ ಅಷ್ಟೇ. ಇದಕ್ಕೆ ಕಾಲು ಇಂಚಿನ ಗಿಡ್ಡ ರಾಚೆಟ್ ಸಾಕು. ಇಂಜಿನ್ ಬೇಯಲ್ಲಿ ದಿನವಿಡೀ ಕೈಯಲ್ಲಿರುವುದಕ್ಕೆ 3/8 ಇಂಚಿನ, 200 ಮಿಲಿಮೀಟರ್ ಆಸುಪಾಸಿನ ಹ್ಯಾಂಡಲ್. ಉದ್ದದ್ದು ಬೇಕೇ ಬೇಕೆಂದರೆ ಎರಡನೆಯದಾಗಿ ಕೊಳ್ಳಿ, ಅದಕ್ಕೆ ಪೈಪು ಹಾಕುವುದಿಲ್ಲ ಎಂದು ಹುಡುಗರಿಂದ ಭಾಷೆ ತೆಗೆದುಕೊಂಡ ಮೇಲೆ.

ಸಾಕೆಟ್ಟಿನ ಅಳತೆಯಲ್ಲೂ ನಿಮ್ಮ ಊರಿಗೆ ತಕ್ಕ ಹಾಗೆ ಯೋಚಿಸಿ. ಮಾರುತಿ, ಹೋಂಡಾ, ಟೊಯೊಟಾ ಬಂದರೆ 10, 12, 14 ಸಾಕು. ಆದರೆ ಭೋಸರಿಯಿಂದ ಚಾಕಣ ಎಷ್ಟು ದೂರ? 2009ರಿಂದ ಫೋಕ್ಸ್‌ವ್ಯಾಗನ್ ಕಾರುಗಳು ಅಲ್ಲಿಯೇ ತಯಾರಾಗುತ್ತಿವೆ. ಹಳೆಯ ಪೋಲೋ, ವೆಂಟೋ, ಅಲ್ಲಿಯದೇ ಸ್ಕೋಡಾ ರ‍್ಯಾಪಿಡ್‌ಗಳು ಈಗ ನಿಮ್ಮಂಥ ಗ್ಯಾರೇಜಿಗೇ ಬರುತ್ತಿರಬೇಕು. ಅವಕ್ಕೆ 13 ಮತ್ತು 16, ಜೊತೆಗೆ ನಕ್ಷತ್ರದಾಕಾರದ ಟಾರ್ಕ್ಸ್ ಮತ್ತು ಹನ್ನೆರಡು ಮೂಲೆಯ ಬಿಟ್‌ಗಳು ಬೇಕು. ಬಿಟ್ ಸಾಕೆಟ್ ಹಾಕಿದಾಗ ರಾಚೆಟ್ ಓರೆಯಾದರೆ ಬೋಲ್ಟಿನ ತಲೆ ಹಾಳಾಗುವುದು ಖಚಿತ, ಆ ಕೆಲಸದಲ್ಲಿ ತಲೆಯನ್ನು ಬಾಗಿಸಲೇಬೇಡಿ.

ಇನ್ನು ಗ್ರೀಸ್. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ಹಾಕಬಹುದಾದ್ದು: ರಾಚೆಟ್ ತಯಾರಕರೇ ಮಾರುವ ಸಣ್ಣ ಟ್ಯೂಬಿನ ಲೂಬ್ ಸಿಕ್ಕರೆ ಯೋಚನೆಯೇ ಬೇಡ. ಸಿಗದಿದ್ದರೆ ಸೊನ್ನೆ ಅಥವಾ ಎರಡು ಸೊನ್ನೆಯ ದರ್ಜೆಯ ಲಿಥಿಯಂ ಗ್ರೀಸ್. ಇಪಿ 0, ಇಪಿ 00 ಎಂದು ಕೇಳಿ. ಕಾರ್ಖಾನೆಗಳಲ್ಲಿ ಮುಚ್ಚಿದ ಗೇರ್‌ಬಾಕ್ಸುಗಳಿಗೂ ಗ್ರೀಸನ್ನು ಪೈಪಿನಲ್ಲಿ ಹರಿಸುವ ವ್ಯವಸ್ಥೆಗಳಿಗೂ ಬಳಸುವ ಮಾಲು, ಆದ್ದರಿಂದ ಕಾರಿನ ಬಿಡಿಭಾಗದ ಅಂಗಡಿಗಿಂತ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳಿಗೆ ಎಣ್ಣೆ ಸರಬರಾಜು ಮಾಡುವವರ ಬಳಿ ಸುಲಭವಾಗಿ ಸಿಗುತ್ತದೆ. ದೊಡ್ಡ ಡಬ್ಬಿ ಮಾತ್ರ ಕೊಡುತ್ತೇವೆ ಎಂದರೆ ಪರಿಚಯದ ಯಾವುದಾದರೂ ಕಾರ್ಖಾನೆಯ ಮೇಂಟೆನೆನ್ಸಿನವರನ್ನು ಕೇಳಿ, ಮಾತ್ರೆಯ ಡಬ್ಬಿಯಷ್ಟು ಕೊಟ್ಟರೂ ನಿಮ್ಮ ರಾಚೆಟ್ಟಿಗೆ ವರ್ಷಗಟ್ಟಲೆ ಬರುತ್ತದೆ. ಪಿಟಿಎಫ್‌ಇ (ಟೆಫ್ಲಾನ್) ಸೇರಿಸಿದ ಸೂಪರ್ ಲೂಬ್ ಗ್ರೀಸನ್ನು ಹಲವರು ಮೆಚ್ಚುತ್ತಾರೆ. ಅದು 2ನೇ ದರ್ಜೆಯದು, ಆದ್ದರಿಂದ 36 ಹಲ್ಲಿಗೆ ಹಾಗೆಯೇ ನಡೆಯುತ್ತದೆ, 72ಕ್ಕೆ ಬಹಳ ತೆಳುವಾಗಿ ಸವರಬೇಕು, 90 ದಾಟಿದರೆ ತೆಳು ಎಣ್ಣೆಯ ಒಂದೆರಡು ಹನಿ ಕಲಸಿ ಹಾಕಬೇಕು. ಹೊಲಿಗೆ ಯಂತ್ರದ ಎಣ್ಣೆಯೂ ಒಳ್ಳೆಯದೇ. ಕಾಲು ಇಂಚಿನ ಸಣ್ಣ ರಾಚೆಟ್ಟಿಗೆ ಅದಕ್ಕಿಂತ ಬೇರೇನೂ ಬೇಡ. ಒಂದೇ ಕೊರತೆ ಎಂದರೆ ಅದು ಬೇಗ ಸೋರಿಹೋಗುತ್ತದೆ, ವಾರಕ್ಕೊಮ್ಮೆ ಹನಿ ಬಿಡಬೇಕು.

ಹಾಕಬಾರದ್ದು: ಎಪಿ 3 ಏಕೆ ಬೇಡವೆಂದು ಹೇಳಿಯಾಯಿತು. ಡಬ್ಲ್ಯುಡಿ-40 ನೀರನ್ನು ಹೊರದೂಡಲೆಂದು 1953ರಲ್ಲಿ ರೂಪಿಸಿದ ದ್ರವ. ಜಿಡ್ಡು ಬಿಡಿಸಲು, ಒದ್ದೆಯಾದ ಸಲಕರಣೆ ಒಣಗಿಸಲು ಚೆನ್ನ, ಆದರೆ ಅದರ ಬಹುಭಾಗ ಆರಿಹೋಗುತ್ತದೆ, ಉಳಿಯುವ ಪೊರೆ ಹಲ್ಲಿಗೆ ಸಾಲುವುದಿಲ್ಲ. ಬೈಕಿನ ಚೈನಿಗೆ ಹೊಡೆಯುವ ಸ್ಪ್ರೇ ಅಂಟು ಅಂಟು, ಪಾಲನ್ನು ಹಿಡಿದುಬಿಡುತ್ತದೆ. ಕರಿ ಗ್ರಾಫೈಟ್ ಗ್ರೀಸ್ ಕೆಲಸ ಮಾಡುತ್ತದೆ, ಆದರೆ ಹ್ಯಾಂಡಲಿಗೆ ಸೋರಿ, ನಿಮ್ಮ ಕೈಗೆ ಹತ್ತಿ, ಗಿರಾಕಿಯ ಸೀಟಿಗೂ ಹತ್ತುತ್ತದೆ. ಹುಡುಗರು ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆಯನ್ನೇ ಇದಕ್ಕೂ ಬಿಡುವುದನ್ನು ನೋಡಿದ್ದೇನೆ. 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುತ್ತದೆ, ಪುಣೆಯ ಚಳಿಗಾಲದ ಬೆಳಗಿನಲ್ಲಿ ರಾಚೆಟ್ಟಿನೊಳಗೆ ಮೇಣ ಕೂತಿರುತ್ತದೆ. ಇನ್ನೊಂದು ಮಾತು: ಹಳೆಯ ಗ್ರೀಸಿನ ಮೇಲೆ ಬೇರೆ ಜಾತಿಯದನ್ನು ಸೇರಿಸಬೇಡಿ. ಲಿಥಿಯಂ ಗ್ರೀಸೂ ಜೇಡಿಮಣ್ಣಿನ ಅಂಶದಿಂದ ಮಾಡುವ ಬೆಂಟೋನ್ ಗ್ರೀಸೂ ಕೂಡಿದರೆ ಒಂದೋ ನೀರಾಗುತ್ತದೆ, ಇಲ್ಲವೇ ಗಟ್ಟಿಯಾಗುತ್ತದೆ.

ಬಿಚ್ಚುವ ಕ್ರಮ ಹೀಗೆ. ತಲೆಯ ಹಿಂಭಾಗದ ಮುಚ್ಚಳ ಸ್ಕ್ರೂನಿಂದ ಕೂತಿದೆಯೋ, ಸರ್‌ಕ್ಲಿಪ್ಪಿನಿಂದಲೋ (ಸ್ಪ್ರಿಂಗಿನಂಥ ಉಕ್ಕಿನ ಬಳೆ) ನೋಡಿಕೊಳ್ಳಿ. ಸರ್‌ಕ್ಲಿಪ್ ಇದ್ದರೆ ರಾಚೆಟ್ಟನ್ನೂ ಎರಡೂ ಕೈಗಳನ್ನೂ ಒಂದು ದೊಡ್ಡ ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಇಟ್ಟುಕೊಂಡು ಬಿಚ್ಚಿ. ನಗಬೇಡಿ, ದಿಕ್ಕಿನ ಲಿವರಿನ ಕೆಳಗಿರುವ ಗುಂಡು ಎರಡು ಮೂರು ಮಿಲಿಮೀಟರಿನದು, ಹಾರಿದರೆ ಗ್ಯಾರೇಜಿನ ನೆಲದ ಮೇಲೆ ಎಷ್ಟು ಹುಡುಕಿದರೂ ಸಿಗುವುದಿಲ್ಲ. ಮುಚ್ಚಳ ತೆಗೆದ ಕೂಡಲೇ ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಪಾಲಿನ ಯಾವ ಮುಖ ಮೇಲಿತ್ತು, ಸ್ಪ್ರಿಂಗಿನ ಯಾವ ತುದಿ ಎಲ್ಲಿ ಕೂತಿತ್ತು ಎಂಬುದು ಆಮೇಲೆ ನೆನಪಿಗೆ ಬರುವುದಿಲ್ಲ.

ನಂತರ ತೊಳೆಯುವುದಕ್ಕಿಂತ ಮೊದಲು ಆ ಗ್ರೀಸಿನ ಚೂರನ್ನು ಬೆರಳುಗಳ ನಡುವೆ ಉಜ್ಜಿ, ಬೆಳಕಿಗೆ ಹಿಡಿದು ನೋಡಿ. ಬೂದುಬಣ್ಣ ಬಂದು ನುಣ್ಣಗಿದ್ದರೆ ಅದು ಸಹಜ ಸವಕಳಿ. ಬೆರಳ ಮೇಲೆ ಮಿಣುಕು ಮಿಣುಕು ಚೂರು ಕಂಡು, ಉಗುರಿಗೆ ತಗುಲಿದರೆ ಹಲ್ಲಿನ ತುದಿ ಒಡೆಯಲು ಆರಂಭಿಸಿದೆ. ಮರಳಿನಂತೆ ಗರಗರ ಎಂದರೆ ಅದು ರಸ್ತೆಯ ಧೂಳು, ಮುಚ್ಚಳ ಸರಿಯಾಗಿ ಕೂತಿಲ್ಲ. ಈ ನೋಟಕ್ಕೆ ಅರ್ಧ ನಿಮಿಷ ಸಾಕು, ಆದರೆ ಮುಂದೆ ಏನು ಮಾಡಬೇಕೆಂಬುದನ್ನು ಅದೇ ಹೇಳುತ್ತದೆ.

ತೊಳೆಯಲು ಸೀಮೆಎಣ್ಣೆ ಈಗ ಸಿಗುವುದೇ ಕಷ್ಟ, ಡೀಸೆಲ್ ಸಾಕು. ಪೆಟ್ರೋಲ್ ಮಾತ್ರ ಬೇಡ, ಪಕ್ಕದಲ್ಲಿ ಯಾರೋ ವೆಲ್ಡಿಂಗ್ ಮಾಡುತ್ತಿರುತ್ತಾರೆ. ಬ್ರೇಕ್ ಕ್ಲೀನರ್ ಚೆನ್ನಾಗಿ ತೊಳೆಯುತ್ತದೆ, ಆದರೆ ತಲೆಯಲ್ಲಿ ರಬ್ಬರ್ ರಿಂಗು, ಹ್ಯಾಂಡಲಿನಲ್ಲಿ ರಬ್ಬರ್ ಹಿಡಿ ಇದ್ದರೆ ಅವುಗಳಿಂದ ದೂರವಿಡಿ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಚಕ್ರದ ಒಂದೊಂದು ಸಂದಿಯನ್ನೂ ಉಜ್ಜಿ. ಸ್ಪ್ರಿಂಗ್ ಕೂರುವ ಗುಳಿಯನ್ನು ಮರೆಯಬೇಡಿ, ಹಳೆಯ ಗ್ರೀಸ್ ಅಲ್ಲಿಯೇ ಅಡಗಿರುತ್ತದೆ, ಸ್ಪ್ರಿಂಗನ್ನು ಅರ್ಧ ಕುಗ್ಗಿಸಿ ಕೂರುತ್ತದೆ. ಬಟ್ಟೆಯಿಂದ ಒರೆಸಿ, ಪೂರ್ತಿ ಆರಲು ಬಿಡಿ. ಕಂಪ್ರೆಸರಿನ ಗಾಳಿ ಹೊಡೆಯುವುದಾದರೆ ಸ್ಪ್ರಿಂಗನ್ನೂ ಗುಂಡನ್ನೂ ಮೊದಲೇ ಬೇರೆ ಬಟ್ಟಲಿಗೆ ಹಾಕಿಡಿ.

ಈಗ ಗ್ರೀಸ್ ಹಚ್ಚುವುದು. 3/8 ಇಂಚಿನ ತಲೆಗೆ ಒಟ್ಟು ಒಂದು ಹೆಸರುಕಾಳಿನಷ್ಟು, ಅದಕ್ಕಿಂತ ಹೆಚ್ಚಿಲ್ಲ. ಚಕ್ರದ ಹಲ್ಲಿಗೆ ಸವರಿ, ಬಟ್ಟೆಯಿಂದ ಮತ್ತೆ ಒರೆಸಿಬಿಡಿ. ಸಂದಿಯಲ್ಲಿ ಹೊಳಪು ಮಾತ್ರ ಉಳಿಯಬೇಕು, ಬಿಳಿಯಾಗಿ ಗ್ರೀಸ್ ಕಾಣಬಾರದು. ಹೆಚ್ಚಿನವರು ಹಲ್ಲಿಗೆ ಬೇಕಾದಷ್ಟು ಹಚ್ಚಿ, ಪಾಲಿನ ಬೆನ್ನನ್ನು ಒಣಗಿಸಿಯೇ ಬಿಡುತ್ತಾರೆ. ಪಾಲ್ ತನ್ನ ಗೂಡಿನಲ್ಲಿ ಜಾರುವ ಜಾಗ ಅದು, ನಿಜವಾದ ಉಜ್ಜಾಟ ಅಲ್ಲಿ. ಅಲ್ಲಿ ತೆಳು ಪೊರೆ ಬೇಕು. ಚಕ್ರದ ಮೇಲೂ ಕೆಳಗೂ ದೇಹಕ್ಕೆ ತಾಗುವ ವೃತ್ತದಲ್ಲಿ ಇನ್ನೊಂದು ಪೊರೆ, ಲಿವರಿನ ಗುಂಡಿಗೆ ಒಂದು ಚುಕ್ಕೆ. ಸ್ಪ್ರಿಂಗಿನ ಗುಳಿ ಖಾಲಿ ಇರಲಿ. ಮುಚ್ಚಿದ ಮೇಲೆ ಅಂಗಡಿಯಲ್ಲಿ ಮಾಡಿದ ಬೆರಳಿನ ಪರೀಕ್ಷೆಯನ್ನೇ ಮತ್ತೆ ಮಾಡಿ.

ತಲೆಯ ಕೀಲಿಗೆ ಬೇರೆ ನಿಯಮ. ಅದು ತಿಕ್ಕಾಟದಿಂದಲೇ ನಿಲ್ಲುವ ಕೀಲು, ಅಲ್ಲಿಗೆ ಗ್ರೀಸ್ ಹಾಕಿದರೆ ತಲೆ ನೇತಾಡತೊಡಗುತ್ತದೆ. ತಿಂಗಳಿಗೊಮ್ಮೆ ಹೊಲಿಗೆ ಯಂತ್ರದ ಎಣ್ಣೆಯ ಒಂದು ಹನಿ, ನಾಲ್ಕು ಸಲ ಮಡಚಿ, ಒರೆಸುವುದು, ಅಷ್ಟೇ. ತಲೆ ಸಡಿಲವಾಗಿದ್ದು ಕೀಲಿನಲ್ಲಿ ಸ್ಕ್ರೂ ಇದ್ದರೆ ಕಾಲು ಸುತ್ತು ಬಿಗಿ ಮಾಡಿ. ಮತ್ತೆ ಮತ್ತೆ ಸಡಿಲವಾದರೆ ಸ್ಕ್ರೂ ಬಿಚ್ಚಿ, ಜಿಡ್ಡು ತೆಗೆದು, ನೀಲಿ ಬಣ್ಣದ ಮಧ್ಯಮ ಬಲದ ಥ್ರೆಡ್ ಲಾಕರ್ ಒಂದು ಹನಿ ಹಾಕಿ ಕೂರಿಸಿ. ಗುಂಡಿ ಒತ್ತಿ ಲಾಕ್ ಮಾಡುವ ಜಾತಿಯದಾದರೆ ಲಾಕಿನ ಕಚ್ಚುಗಳಲ್ಲಿ ಕೂರುವ ಕೊಳೆಯನ್ನು ಬ್ರಷ್ಷಿನಿಂದ ತೆಗೆಯುತ್ತಿರಿ. ಅರ್ಧ ಕಚ್ಚಿದ ಲಾಕ್ ಭಾರ ಬಿದ್ದಾಗ ಬಿಟ್ಟುಬಿಡುತ್ತದೆ.

ಎಷ್ಟು ದಿನಕ್ಕೊಮ್ಮೆ? ದಿನವೂ ಬಳಸುವುದಕ್ಕೆ ಎರಡು ಮೂರು ತಿಂಗಳಿಗೊಮ್ಮೆ ಬೆರಳಿನ ಪರೀಕ್ಷೆ ಮಾಡಿ, ಬಿಗಿ ಎನಿಸಿದರೆ ಮಾತ್ರ ಬಿಚ್ಚಿ. ಪೂರ್ತಿ ತೊಳೆಯುವುದಕ್ಕೆ ಮಳೆಗಾಲ ಮುಗಿದ ಹೊತ್ತು ಸರಿ, ನೀವು ಮಾಡಿದ್ದೂ ಅದನ್ನೇ, ಆರಿಸಿದ ಗ್ರೀಸ್ ಮಾತ್ರ ತಪ್ಪು. ರಾಚೆಟ್ಟಿನ ಹೊರಗೆ ತುಕ್ಕು ತಡೆಯುವ ಲೇಪ ಇರುತ್ತದೆ, ಒಳಗಿನ ಹಲ್ಲಿಗೆ ಬಹಳ ಸಲ ಇರುವುದಿಲ್ಲ, ತೇವಕ್ಕೆ ತುಕ್ಕು ಹಿಡಿಯುವುದು ಅಲ್ಲಿಯೇ. ಮಳೆಯಲ್ಲಿ ರಸ್ತೆಯ ಮೇಲೆ ಕೆಟ್ಟ ಗಾಡಿಯ ಕೆಲಸ ಮಾಡಿ ಬಂದ ದಿನ, ಕಾಲ ಯಾವುದೇ ಇರಲಿ, ಒಣಗಿಸಿ ಎಣ್ಣೆ ಬಿಡಿ. ಗೋವಾ ಕಡೆಯ ಉಪ್ಪುಗಾಳಿಯಲ್ಲಿ ಕೆಲಸ ಮಾಡುವವರು ಇದನ್ನು ಪ್ರತಿ ವಾರವೂ ಮಾಡಬೇಕಾಗುತ್ತದೆ. ಆಯುಧಪೂಜೆಯ ಖಂಡೇ ನವಮಿಯ ಹಿಂದಿನ ದಿನ ತೊಳೆಯುವುದು ಒಳ್ಳೆಯ ರೂಢಿ, ಹೇಗೂ ಅಂದು ಎಲ್ಲ ಸಲಕರಣೆಗಳೂ ಹೊರಬರುತ್ತವೆ. ಆದರೆ ಪೂಜೆಯಲ್ಲಿ ಅರಿಶಿನ ಕುಂಕುಮವನ್ನು ಹ್ಯಾಂಡಲಿಗೆ ಹಚ್ಚಿ, ತಲೆಗೆ ಬೇಡ. ಲಿವರಿನ ಸಂದಿಯಿಂದ ಒಳಗೆ ಇಳಿದ ಕುಂಕುಮ ಎಣ್ಣೆಯೊಂದಿಗೆ ಕಲಸಿ ಕೆಸರಾಗುತ್ತದೆ.

ಖರೀದಿಗೆ ನಾನಾ ಪೇಠಿನ ಬಿಡಿಭಾಗದ ಅಂಗಡಿಗಳನ್ನು ನೋಡಿ. ಮುಂಬೈಗೆ ಹೋಗುವುದಿದ್ದರೆ ನಾಗದೇವಿ ಸ್ಟ್ರೀಟಿನಲ್ಲಿ ಆಯ್ಕೆ ಹೆಚ್ಚು, ಕೈಯಲ್ಲಿ ಹಿಡಿದು ನೋಡಲೂ ಬಿಡುತ್ತಾರೆ. ಪುಣೆಯಲ್ಲೇ ಬುಧವಾರ, ಭಾನುವಾರದ ಜುನಾ ಬಜಾರಿನಲ್ಲಿ ಹಳೆಯ ಜರ್ಮನ್, ಜಪಾನಿ ರಾಚೆಟ್ಟುಗಳು ಕಣ್ಣಿಗೆ ಬೀಳುತ್ತವೆ. ದಪ್ಪ ಹಲ್ಲಿನ ಹಳೆಯದಾದರೆ ಧೈರ್ಯವಾಗಿ ಕೊಳ್ಳಿ, ತೊಳೆದರೆ ಜೀವ ಬರುತ್ತದೆ. ಸಣ್ಣ ಹಲ್ಲಿನದನ್ನು ಅಲ್ಲಿ ಕೊಳ್ಳಬೇಡಿ, ಒಳಗೆ ಏನಾಗಿದೆ ಎಂದು ಹೊರಗಿನಿಂದ ತಿಳಿಯುವುದಿಲ್ಲ. ಎಲ್ಲಿ ಕೊಂಡರೂ ಎರಡು ಮಾತು ಕೇಳಿ: ಚಕ್ರ, ಪಾಲ್, ಸ್ಪ್ರಿಂಗ್ ಸೇರಿದ ಕಿಟ್ ಇಲ್ಲಿ ಸಿಗುತ್ತದೆಯೇ, ಗ್ಯಾರಂಟಿಗೆ ಬಿಲ್ ಯಾರ ಹೆಸರಿನಲ್ಲಿ ಬೇಕು. ಆಜೀವ ಗ್ಯಾರಂಟಿ ಎಂದು ಡಬ್ಬಿಯ ಮೇಲೆ ಬರೆದಿದ್ದರೂ, ಅದನ್ನು ಇಲ್ಲಿ ಯಾರು ಪೂರೈಸುತ್ತಾರೆ ಎಂಬುದು ಗೊತ್ತಿಲ್ಲದಿದ್ದರೆ ಅದು ಡಬ್ಬಿಯ ಚಿತ್ತಾರ ಅಷ್ಟೇ.

ಕೊನೆಗೆ ನಿಮ್ಮ ಕೈಯಲ್ಲಿರುವ 72ರದು. ತೊಳೆದು, ಮೊಬೈಲಿನ ಕ್ಯಾಮೆರಾವನ್ನು ಹತ್ತಿರ ಹಿಡಿದು ಹಲ್ಲಿನ ಫೋಟೊ ತೆಗೆದು ದೊಡ್ಡದು ಮಾಡಿ ನೋಡಿ. ತುದಿಗಳು ಚೂಪಾಗಿ, ಎಲ್ಲವೂ ಒಂದೇ ಎತ್ತರದಲ್ಲಿದ್ದರೆ ತೆಳು ಗ್ರೀಸ್ ಹಾಕಿ ಮುಚ್ಚಿ, ಹೊಸದು ಬೇಕಿಲ್ಲ. ಪಾಲಿನ ಹಲ್ಲುಗಳ ತುದಿಯಲ್ಲಿ ಹೊಳೆಯುವ ಬಿಳಿ ಗೆರೆ ಮಾತ್ರ ಇದ್ದರೆ ಇನ್ನೂ ಕೆಲವು ಕಾಲ ಹಗುರ ಕೆಲಸಕ್ಕೆ ನಡೆಯುತ್ತದೆ. ತುದಿಗಳು ದುಂಡಾಗಿದ್ದರೆ ಅಥವಾ ಎಲ್ಲಾದರೂ ಒಂದು ಹಲ್ಲು ಹಾರಿದ್ದರೆ ಚಕ್ರವನ್ನೂ ಪಾಲನ್ನೂ ಒಟ್ಟಿಗೇ ಬದಲಿಸಿ. ಹಳೆಯ ಚಕ್ರಕ್ಕೆ ಹೊಸ ಪಾಲ್ ಕೂರಿಸಿದರೆ ಹೊಸದೂ ಬೇಗ ಹಾಳಾಗುತ್ತದೆ. ಕಿಟ್ ಸಿಗದ ರಾಚೆಟ್ಟಾಗಿದ್ದರೆ ಅದನ್ನು ಹುಡುಗರ ಕೈಗೆ ಸಿಗುವ ಜಾಗದಲ್ಲಿ ಇಡಬೇಡಿ, ಗುಜರಿಗೆ ಹಾಕಿ. ಬಿಗಿ ಬೋಲ್ಟಿನ ಮೇಲೆ ರಾಚೆಟ್ ಜಾರಿದರೆ ಮುಷ್ಟಿ ನೇರವಾಗಿ ಹೋಗಿ ಬಡಿಯುವುದು ಫ್ಯಾನಿನ ಬ್ರಾಕೆಟ್ಟಿಗೋ ರೇಡಿಯೇಟರಿನ ಅಂಚಿಗೋ.